ಪ್ರತ್ಯಾಮ್ಲಗಳ ಜೋಡಿ ನಿಯಮ ಮತ್ತು ಕಡಲೆಕಾಯಿಯ ರೋಗ

2000ನೆಯ ಇಸವಿಯಲ್ಲಿ, ಹಿಂದೂಪುರ ಹಾಗೂ ಕಲ್ಯಾಣದುರ್ಗಗಳನ್ನು ಆಗ ಒಳಗೊಂಡಿದ್ದ ಅನಂತಪುರ ಜಿಲ್ಲೆಯಲ್ಲಿ ಕಡಲೆಕಾಯಿ ಬೆಳೆಗೆ ಕಾಂಡ ಕಮರುವ ರೋಗ ತಗುಲಿತು. ಸುಮಾರು 2.25 ಲಕ್ಷ ಹೆಕ್ಟೇರ್ ಪ್ರದೇಶಕ್ಕೆ ಹರಡಿದ ಈ ರೋಗದಿಂದಾದ ನಷ್ಟವನ್ನು 300 ಕೋಟಿ ರೂಪಾಯಿಗೂ ಅಧಿಕವೆಂದು ಅಂದಾಜಿಸಲಾಯಿತು. ಪಾರ್ಥೇನಿಯಂ ಕಳೆಯ ಪರಾಗದಲ್ಲಿದ್ದು, ಥ್ರಿಪ್ಸ್ ಕೀಟಗಳ ನೆರವಿನಿಂದ ಬೆಳೆಗೆ ಸೇರುವ ಟೊಬ್ಯಾಕೊ ಸ್ಟ್ರೀಕ್ ವೈರಸ್ ಇದಕ್ಕೆ ಕಾರಣವಾಗಿತ್ತು. ಈ ವೈರಸ್‌ನಲ್ಲಿ ಡಿ.ಎನ್.ಎ. ಇಲ್ಲ, ಒಂಟಿ ಎಳೆಯ ಆರ್.ಎನ್.ಎ. ಮಾತ್ರ ಇದೆ. ಅದು ವೃದ್ಧಿಯಾದುದೂ, ಪ್ರಯೋಗಾಲಯದಲ್ಲಿ ಪತ್ತೆಯಾಗುವುದೂ ಪೂರಕ ಜೋಡಣೆಯ ನಿಯಮದಿಂದಲೇ.

1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಮಂಡಿಸಿದ ಮಾದರಿಯಂತೆ ಡಿ.ಎನ್.ಎ.ಯಲ್ಲಿ ಅಡೆನಿನ್ ಥೈಮಿನ್‌ನೊಡನೆ, ಗ್ವಾನಿನ್ ಸೈಟೊಸಿನ್‌ನೊಡನೆ ಕೂಡುತ್ತದೆ. ಮೊದಲ ಜೋಡಿಯಲ್ಲಿ ಎರಡು, ಎರಡನೆಯದರಲ್ಲಿ ಮೂರು ಜಲಜನಕ ಬಂಧಗಳಿರುತ್ತವೆ. ಅಡೆನಿನ್, ಗ್ವಾನಿನ್‌ಗಳಿಗೆ ಎರಡು ಉಂಗುರಗಳು. ಉಳಿದವುಗಳಿಗೆ ಒಂದೇ ಉಂಗುರ. ದೊಡ್ಡದರೊಡನೆ ಚಿಕ್ಕದು ಕೂಡುವುದರಿಂದ ಏಣಿಯ ಅಗಲ ಎಲ್ಲೆಡೆಯೂ ಸುಮಾರು 2 ನ್ಯಾನೊಮೀಟರ್ ಆಗಿಯೇ ಉಳಿಯುತ್ತದೆ. ಆರ್.ಎನ್.ಎ.ಯಲ್ಲಿ ಥೈಮಿನ್‌ನ ಸ್ಥಾನದಲ್ಲಿ ಯುರಾಸಿಲ್ ಇರುತ್ತದೆ. ಅದೂ ಅಡೆನಿನ್‌ನೊಡನೆಯೇ ಕೂಡುತ್ತದೆ.

ವೈರಸ್‌ನ ಎಳೆಯ ಒಂದು ತುಣುಕು ಎ-ಯು-ಜಿ-ಸಿ ಎಂದಿರಲಿ. ಸಸ್ಯಕೋಶದೊಳಗೆ ಅದಕ್ಕೆದುರಾಗಿ ಯು-ಎ-ಸಿ-ಜಿ ಎಂಬ ಪೂರಕ ಎಳೆ ರೂಪುಗೊಳ್ಳುತ್ತದೆ. ಈ ಎಳೆಯನ್ನು ಅಚ್ಚಾಗಿಟ್ಟುಕೊಂಡು ಮತ್ತೆ ನಕಲು ತೆಗೆದಾಗ ಮೂಲದ ಎ-ಯು-ಜಿ-ಸಿ ಮರಳಿ ದೊರೆಯುತ್ತದೆ. ಪೂರಕದ ಪೂರಕವೇ ಮೂಲ. ಒಂದು ಅಚ್ಚಿನಿಂದ ಅನೇಕ ಪ್ರತಿಗಳು ಹುಟ್ಟುವುದರಿಂದ ವೈರಸ್ ಶೀಘ್ರವಾಗಿ ವೃದ್ಧಿಯಾಗುತ್ತದೆ.

ರೋಗಪತ್ತೆಯಲ್ಲಿ ಇದೇ ನಿಯಮ ಮನುಷ್ಯನ ಕೈಯ ಸಾಧನವಾಗುತ್ತದೆ. ಮೊದಲು ವೈರಸ್‌ನ ಆರ್.ಎನ್.ಎ.ಗೆ ಪೂರಕವಾದ ಡಿ.ಎನ್.ಎ. ಎಳೆಯನ್ನು ತಯಾರಿಸಲಾಗುತ್ತದೆ. ಮೇಲಿನ ತುಣುಕಿಗೆ ಆಗ ದೊರೆಯುವುದು ಟಿ-ಎ-ಸಿ-ಜಿ. ಬಳಿಕ ಸುಮಾರು 20 ಪ್ರತ್ಯಾಮ್ಲಗಳ ಕಿರು ಎಳೆಗಳನ್ನು ಸೇರಿಸುತ್ತಾರೆ. ತಮಗೆ ಪೂರಕವಾದ ಸಾಲು ದೊರೆತಲ್ಲಿ ಮಾತ್ರ ಅವು ಬಿಗಿಯಾಗಿ ಕೂಡಿ ಹೊಸ ಪ್ರತಿಗಳಿಗೆ ಆರಂಭಬಿಂದುಗಳಾಗುತ್ತವೆ. ಪ್ರತಿಗಳು ಹೆಚ್ಚಿದರೆ ಮಾದರಿಯಲ್ಲಿ ವೈರಸ್ ಇದೆಯೆಂದು ತಿಳಿಯುತ್ತದೆ.

ಬೋಧನೆಯಲ್ಲಿ ಶಿಕ್ಷಕರು ಎರಡು ಅಂಶಗಳನ್ನು ಸ್ಪಷ್ಟಪಡಿಸಬೇಕು. ಮೊದಲನೆಯದಾಗಿ, ಜೋಡಿಯಾದ ಎಳೆಗಳು ವಿರುದ್ಧ ದಿಕ್ಕಿನಲ್ಲಿ ಸಾಗುತ್ತವೆ. ಮೇಲಿನ ಸಾಲನ್ನು ಎಡದಿಂದ ಓದಿದರೆ ಕೆಳಗಿನದನ್ನು ಬಲದಿಂದ ಓದತಕ್ಕದ್ದು. ಎರಡನೆಯದಾಗಿ, ಜೋಡಿ ಎಳೆಯ ಡಿ.ಎನ್.ಎ.ಯಲ್ಲಿ ಅಡೆನಿನ್ ಶೇ. 30 ಇದ್ದರೆ ಥೈಮಿನ್ ಸಹ ಶೇ. 30, ಉಳಿದೆರಡು ತಲಾ ಶೇ. 20 ಇರುತ್ತವೆ. ಈ ಲೆಕ್ಕವನ್ನು ಒಂಟಿ ಎಳೆಯ ವೈರಸ್‌ಗೆ ಅನ್ವಯಿಸಲಾಗದು. ಅಲ್ಲಿ ಎದುರು ಎಳೆಯೇ ಇಲ್ಲದ ಕಾರಣ ಅಡೆನಿನ್ ಮತ್ತು ಯುರಾಸಿಲ್ ಸಮನಾಗಿರಬೇಕಾಗಿಲ್ಲ. ವಿದ್ಯಾರ್ಥಿಗಳು ಈ ಕಾರಣವನ್ನು ತಾವೇ ಹೇಳಬಲ್ಲರಾದರೆ ನಿಯಮವು ಅವರಿಗೆ ಅರ್ಥವಾಗಿದೆಯೆಂದು ತಿಳಿಯಬಹುದು.