ಗೆಲಾಕ್ಸಿಗಳ ಒಡಲೊಳಗಿನ ಕಿಚ್ಚು

ಮೋಡವಿಲ್ಲದ ಇರುಳಿನಲ್ಲಿ ಆಕಾಶದ ಒಂದಂಚಿನಿಂದ ಇನ್ನೊಂದಂಚಿಗೆ ಹಾಸಿರುವ ಹಾಲುಬಿಳುಪಿನ ಪಟ್ಟೆಯನ್ನು ನಮ್ಮ ಹಿರಿಯರು ಆಕಾಶಗಂಗೆಯೆಂದು ಕರೆದರು. ಅದು ಹತ್ತು ಸಾವಿರ ಕೋಟಿಗೂ ಮಿಕ್ಕ ನಕ್ಷತ್ರಗಳ ಕೂಟವೆಂಬುದನ್ನೂ, ನಮ್ಮ ಸೂರ್ಯನು ಆ ಕೂಟದ ಒಬ್ಬ ಸಾಮಾನ್ಯ ಸದಸ್ಯನೆಂಬುದನ್ನೂ ಇಂದು ಶಾಲೆಯ ವಿದ್ಯಾರ್ಥಿಗಳೂ ಬಲ್ಲರು. ಇಂಥ ಕೂಟಕ್ಕೆ ಗೆಲಾಕ್ಸಿಯೆಂದು ಹೆಸರು. ವಿಶ್ವದಲ್ಲಿ ಗೆಲಾಕ್ಸಿಗಳು ಅಸಂಖ್ಯಾತವಾಗಿವೆ.

ಗೆಲಾಕ್ಸಿಯ ಬೆಳಕೆಂದರೆ ಅದರ ನಕ್ಷತ್ರಗಳ ಬೆಳಕಿನ ಮೊತ್ತವೆಂದು ನಾವು ಭಾವಿಸುವುದು ಸಹಜ. ಬಹುಮಟ್ಟಿಗೆ ಅದು ನಿಜವೂ ಹೌದು. ಆದರೆ ಕೆಲವು ಗೆಲಾಕ್ಸಿಗಳ ನಟ್ಟನಡುವೆ ಒಂದು ಚುಕ್ಕೆಯುಂಟು. ಅದರ ಬೆಳಕು ನಕ್ಷತ್ರಗಳ ಬೆಳಕಲ್ಲ. ಕೆಲವೆಡೆ ಆ ಒಂದು ಚುಕ್ಕೆಯೇ ಸುತ್ತಣ ಸಮಸ್ತ ನಕ್ಷತ್ರಗಳನ್ನೂ ಮಂಕುಗೊಳಿಸುವಷ್ಟು ಪ್ರಖರವಾಗಿರುತ್ತದೆ. ಇದನ್ನು ಸಕ್ರಿಯ ಕೇಂದ್ರವೆಂದೂ, ಇದನ್ನು ಒಡಲಲ್ಲಿ ಧರಿಸಿರುವ ಗೆಲಾಕ್ಸಿಯನ್ನು ಆತಿಥೇಯ ಗೆಲಾಕ್ಸಿಯೆಂದೂ ವಿಜ್ಞಾನಿಗಳು ಕರೆಯುತ್ತಾರೆ. ಅತಿಥಿಯು ಮನೆಯೊಡೆಯನು ಬಡಿಸಿದ್ದನ್ನು ಉಂಡು ಸುಮ್ಮನಿರುವನೋ, ಇಲ್ಲವೆ ಇಡೀ ಮನೆಯ ಆಡಳಿತವನ್ನೇ ತನ್ನ ಕೈಗೆ ತೆಗೆದುಕೊಳ್ಳುವನೋ? ಇಂದಿನ ಖಗೋಳವಿಜ್ಞಾನದ ದೊಡ್ಡ ಪ್ರಶ್ನೆಗಳಲ್ಲಿ ಇದೂ ಒಂದು. ಈ ಪ್ರಶ್ನೆ ಹೇಗೆ ಹುಟ್ಟಿತು, ಇದಕ್ಕೆ ಉತ್ತರ ಎಷ್ಟರಮಟ್ಟಿಗೆ ದೊರೆತಿದೆ ಎಂಬುದನ್ನು ಈಗ ನೋಡೋಣ.

ಅಗಲವಾದ ರೇಖೆಗಳು

ಬೆಳಕನ್ನು ಅದರ ಬಣ್ಣಗಳಾಗಿ ಬಿಡಿಸಿದಾಗ ದೊರೆಯುವ ಪಟ್ಟಿಗೆ ರೋಹಿತವೆಂದು ಹೆಸರು. ಕಾದ ವಿರಳ ಅನಿಲದ ರೋಹಿತದಲ್ಲಿ ಉಜ್ವಲವಾದ ಗೆರೆಗಳು ಕಾಣುತ್ತವೆ. ಅಮೆರಿಕದ ಲಿಕ್ ವೀಕ್ಷಣಾಲಯದಲ್ಲಿ 1908ರಲ್ಲಿ ಎಡ್ವರ್ಡ್ ಫಾತ್ ಎಂಬವರು ಎನ್.ಜಿ.ಸಿ. 1068 ಎಂಬ ಸುರುಳಿಯಾಕಾರದ ಕಾಯದ ರೋಹಿತವನ್ನು ತೆಗೆದಾಗ ಅದರಲ್ಲಿ ಇಂಥ ಉಜ್ವಲ ರೇಖೆಗಳು ತೋರಿದುವು. ಗೆಲಾಕ್ಸಿಗಳೆಂದರೇನು ಎಂಬುದೇ ಆಗ ಇತ್ಯರ್ಥವಾಗಿರಲಿಲ್ಲವಾದುದರಿಂದ, ಆ ಗೆರೆಗಳ ಮಹತ್ವ ಯಾರಿಗೂ ಹೊಳೆಯಲಿಲ್ಲ.

1943ರಲ್ಲಿ ಕಾರ್ಲ್ ಸೇಫರ್ಟ್ ಅವರು ಇಂಥ ಆರು ಗೆಲಾಕ್ಸಿಗಳನ್ನು ಆರಿಸಿ, ಅವುಗಳ ರೋಹಿತಗಳನ್ನು ವಿವರವಾಗಿ ಪ್ರಕಟಿಸಿದರು. ರೇಖೆಗಳು ಉಜ್ವಲವಾಗಿದ್ದುವಷ್ಟೇ ಅಲ್ಲ, ಅಸಾಧಾರಣವಾಗಿ ಅಗಲವೂ ಆಗಿದ್ದುವು. ನಮ್ಮೆಡೆಗೆ ಧಾವಿಸುವ ಅನಿಲದ ರೇಖೆ ನೀಲಿಯ ಕಡೆಗೂ, ನಮ್ಮಿಂದ ದೂರ ಸರಿಯುವ ಅನಿಲದ ರೇಖೆ ಕೆಂಪಿನ ಕಡೆಗೂ ಸರಿಯುತ್ತದೆ. ಎರಡು ಬಗೆಯ ಚಲನೆಯೂ ಒಟ್ಟಿಗಿದ್ದರೆ ರೇಖೆ ಇಬ್ಬದಿಗೂ ಹಿಗ್ಗಿ ಅಗಲವಾಗುತ್ತದೆ. ಸೇಫರ್ಟರು ಅಳೆದ ಅಗಲ ಸೆಕೆಂಡಿಗೆ 8,500 ಕಿಲೋಮೀಟರುಗಳವರೆಗಿನ ವೇಗಕ್ಕೆ ಸಮನಾಗಿದ್ದಿತು. ಗೆಲಾಕ್ಸಿಯೊಂದರಲ್ಲಿ ನಕ್ಷತ್ರಗಳು ಸಂಚರಿಸುವುದು ಸೆಕೆಂಡಿಗೆ ಕೆಲವು ನೂರು ಕಿಲೋಮೀಟರುಗಳ ವೇಗದಲ್ಲಿ ಮಾತ್ರ. ಹಾಗಾದರೆ ಕೇಂದ್ರದ ಅನಿಲವನ್ನು ಅಷ್ಟು ರಭಸದಿಂದ ಓಡಿಸುವ ಶಕ್ತಿ ಯಾವುದು? ಇದಕ್ಕೆ ಉತ್ತರ ಕಾಣುವ ಮೊದಲೇ, 1960ರಲ್ಲಿ, ಸೇಫರ್ಟರು ಮೋಟಾರು ಅಪಘಾತದಲ್ಲಿ ತೀರಿಕೊಂಡರು. ಇಂದು ಆ ಬಗೆಯ ಗೆಲಾಕ್ಸಿಗಳೆಲ್ಲ ಅವರ ಹೆಸರನ್ನೇ ಹೊತ್ತಿವೆ.

ಚಂದ್ರನು ನೀಡಿದ ಸುಳಿವು

ಅಷ್ಟರಲ್ಲಿ ರೇಡಿಯೋ ದೂರದರ್ಶಕಗಳು ಬಳಕೆಗೆ ಬಂದಿದ್ದುವು. ಆಕಾಶದ ಹಲವು ಕಡೆಗಳಿಂದ ಪ್ರಬಲವಾದ ರೇಡಿಯೋ ಅಲೆಗಳು ಬರುತ್ತಿದ್ದರೂ ಅವು ಹೊರಡುವ ನಿಖರವಾದ ಸ್ಥಾನಗಳು ತಿಳಿಯುತ್ತಿರಲಿಲ್ಲ. 1962ರಲ್ಲಿ ಸಿರಿಲ್ ಹಜಾರ್ಡ್ ಮತ್ತು ಸಂಗಡಿಗರು ಆಸ್ಟ್ರೇಲಿಯದ ಪಾರ್ಕ್ಸ್ ದೂರದರ್ಶಕದಿಂದ ಒಂದು ಜಾಣ್ಮೆಯ ಉಪಾಯವನ್ನು ಪ್ರಯೋಗಿಸಿದರು. 3ಸಿ 273 ಎಂಬ ರೇಡಿಯೋ ಮೂಲವನ್ನು ಚಂದ್ರಬಿಂಬವು ಮರೆಮಾಡುವ ಕ್ಷಣವನ್ನೂ, ಅದು ಮತ್ತೆ ಹೊರಬರುವ ಕ್ಷಣವನ್ನೂ ಗುರುತಿಸಿದರು. ಚಂದ್ರನ ಅಂಚು ಆಯಾ ಕ್ಷಣದಲ್ಲಿ ಎಲ್ಲಿರುವುದೆಂಬುದು ನಮಗೆ ಕರಾರುವಾಕ್ಕಾಗಿ ತಿಳಿದಿರುವುದರಿಂದ, ಮೂಲದ ಸ್ಥಾನವೂ ಖಚಿತವಾಯಿತು. ಅಲ್ಲಿದ್ದುದು ನೋಟಕ್ಕೆ ನಕ್ಷತ್ರದಂತಹ ಒಂದು ಚುಕ್ಕೆ!

ಮುಂದಿನ ವರ್ಷ ಮಾರ್ಟೆನ್ ಸ್ಮಿತ್ ಅವರು ಪಾಲೊಮಾರ್ ಬೆಟ್ಟದ 200 ಅಂಗುಲದ ದೂರದರ್ಶಕದಿಂದ ತೆಗೆದ ಅದರ ರೋಹಿತವನ್ನು ಪರಿಶೀಲಿಸಿದಾಗ, ಅರ್ಥವಾಗದಂತೆ ತೋರಿದ ಗೆರೆಗಳು ಜಲಜನಕದ ಚಿರಪರಿಚಿತ ಗೆರೆಗಳೇ ಎಂಬುದು ಹೊಳೆಯಿತು. ಅವು ಕೆಂಪಿನ ಕಡೆಗೆ ನೂರಕ್ಕೆ ಸುಮಾರು 16ರಷ್ಟು ಸರಿದಿದ್ದುವು. ವಿಶ್ವದ ವಿಕಾಸದ ನಿಯಮದಂತೆ ಲೆಕ್ಕ ಮಾಡಿದರೆ ಆ ಚುಕ್ಕೆ 200 ಕೋಟಿ ಜ್ಯೋತಿರ್ವರ್ಷಗಳಿಗಿಂತಲೂ ದೂರದಲ್ಲಿರಬೇಕು. ಅಷ್ಟು ದೂರದಿಂದಲೂ ಹವ್ಯಾಸಿಗಳ ದೂರದರ್ಶಕಕ್ಕೆ ನಿಲುಕುವುದಾದರೆ, ಅದರ ನಿಜವಾದ ಕಾಂತಿ ನಮ್ಮ ಆಕಾಶಗಂಗೆಯ ಕಾಂತಿಯ ನೂರು ಪಟ್ಟನ್ನು ಮೀರಬೇಕು. ಈ ಜಾತಿಯ ಕಾಯಗಳಿಗೆ ಕ್ವೇಸಾರ್ ಎಂಬ ಹೆಸರು ಬಂದಿತು. ಅವೂ ಗೆಲಾಕ್ಸಿಗಳ ಕೇಂದ್ರಗಳೇ. ತಮ್ಮ ಪ್ರಭೆಯಿಂದ ಆತಿಥೇಯ ಗೆಲಾಕ್ಸಿಯನ್ನು ಮರೆಮಾಡಿದ್ದುವು, ಅಷ್ಟೆ. 1990ರ ದಶಕದಲ್ಲಿ ಹಬಲ್ ದೂರದರ್ಶಕವು ಅನೇಕ ಕ್ವೇಸಾರ್‌ಗಳ ಸುತ್ತಲಿನ ಮಸುಕಾದ ಗೆಲಾಕ್ಸಿಗಳನ್ನು ಸ್ಪಷ್ಟವಾಗಿ ತೋರಿಸಿಕೊಟ್ಟಿತು.

ಚಂದ್ರನನ್ನು ಪರದೆಯಾಗಿ ಬಳಸುವ ಇದೇ ವಿಧಾನಕ್ಕೆಂದು ನಮ್ಮ ದೇಶದಲ್ಲಿಯೂ ಒಂದು ದೂರದರ್ಶಕ ನಿರ್ಮಾಣವಾಯಿತೆಂಬುದು ಗಮನಾರ್ಹ. ಗೋವಿಂದ ಸ್ವರೂಪರ ನೇತೃತ್ವದಲ್ಲಿ ನೀಲಗಿರಿಯ ಉದಕಮಂಡಲದ ಬಳಿ ಬೆಟ್ಟದ ಇಳಿಜಾರಿನ ಮೇಲೆ ಕಟ್ಟಿದ, 530 ಮೀಟರು ಉದ್ದದ ಆ ರೇಡಿಯೋ ದೂರದರ್ಶಕ 1970ರಲ್ಲಿ ಕೆಲಸವನ್ನಾರಂಭಿಸಿತು.

ಇಷ್ಟು ಚಿಕ್ಕದು, ಇಷ್ಟು ಬಲ!

ಕ್ವೇಸಾರ್‌ಗಳ ಬೆಳಕು ಕೆಲವು ತಿಂಗಳುಗಳಲ್ಲಿ, ಕೆಲವೊಮ್ಮೆ ದಿನಗಳಲ್ಲಿಯೇ, ಹೆಚ್ಚು ಕಡಮೆಯಾಗುತ್ತದೆ. ಇದರಿಂದ ಅವುಗಳ ಗಾತ್ರವನ್ನು ಊಹಿಸಬಹುದು. ಬಹು ದೊಡ್ಡ ಬಯಲಿನಲ್ಲಿ ನೆರೆದ ಜನರೆಲ್ಲ ಒಂದೇ ಕ್ಷಣದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೂ, ವೇದಿಕೆಯ ಮೇಲಿರುವವನಿಗೆ ಹಿಂದಿನ ಸಾಲಿನ ಸದ್ದು ತಡವಾಗಿ ಮುಟ್ಟುವುದರಿಂದ ಅದು ಎಳೆದಂತೆ ಕೇಳುತ್ತದೆ. ಸಭೆ ದೊಡ್ಡದಾದಷ್ಟೂ ಎಳೆತವೂ ಹೆಚ್ಚು. ಅಂತೆಯೇ, ಒಂದು ತಿಂಗಳಲ್ಲಿ ಇಡಿಯಾಗಿ ಬದಲಾಗುವ ಬೆಳಕಿನ ಮೂಲವು ಬೆಳಕು ಒಂದು ತಿಂಗಳಲ್ಲಿ ಕ್ರಮಿಸುವ ದೂರಕ್ಕಿಂತ ಹೆಚ್ಚು ಅಗಲವಾಗಿರಲಾರದು. ಗೆಲಾಕ್ಸಿಯ ಅಗಲವಾದರೋ ಒಂದು ಲಕ್ಷ ಜ್ಯೋತಿರ್ವರ್ಷಗಳ ಮಾತು.

ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಶಕ್ತಿಯನ್ನು ಉತ್ಪಾದಿಸುವ ಬಗೆ ಹೇಗೆ? ಅಮೆರಿಕದ ಎಡ್ವಿನ್ ಸಾಲ್ಪೀಟರ್ ಮತ್ತು ಸೋವಿಯತ್ ದೇಶದ ಯಾಕೊವ್ ಜೆಲ್ಡೊವಿಚ್ 1964ರಲ್ಲಿ, ಒಬ್ಬರನ್ನೊಬ್ಬರು ಅವಲಂಬಿಸದೆ, ಒಂದೇ ಉತ್ತರವನ್ನು ಸೂಚಿಸಿದರು. ಕೇಂದ್ರದಲ್ಲಿ ಅಪಾರ ದ್ರವ್ಯರಾಶಿಯ ಒಂದು ಕಾಯವಿದೆ. ಅದರೊಳಕ್ಕೆ ಬೀಳುವ ಅನಿಲವೇ ಬೆಳಕಿನ ಮೂಲ. ಬೆಳಕೂ ಹೊರಬರಲಾಗದಷ್ಟು ಗುರುತ್ವವುಳ್ಳ ಅಂಥ ಕಾಯವನ್ನು ಇಂದು ಕೃಷ್ಣವಿವರವೆನ್ನುತ್ತೇವೆ. ಅನಿಲವು ನೇರವಾಗಿ ಒಳಕ್ಕೆ ಬೀಳುವುದಿಲ್ಲ. ಬಚ್ಚಲ ತೂಬಿನ ಸುತ್ತ ನೀರು ಸುಳಿಯುವಂತೆ ಸುತ್ತುತ್ತ ಚಪ್ಪಟೆಯಾದ ಬಿಲ್ಲೆಯಾಗುತ್ತದೆ. ಬಿಲ್ಲೆಯ ಪದರಗಳು ಒಂದಕ್ಕೊಂದು ಉಜ್ಜಿ ಕಾದು ಪ್ರಜ್ವಲಿಸುತ್ತವೆ. ಸೂರ್ಯನ ಗರ್ಭದಲ್ಲಿ ಜಲಜನಕವು ಹೀಲಿಯಮ್ ಆಗುವಾಗ ದ್ರವ್ಯದ ಸಾವಿರದಲ್ಲಿ 7 ಪಾಲು ಮಾತ್ರ ಶಕ್ತಿಯಾದರೆ, ಇಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ಶಕ್ತಿಯಾಗಿ ಹೊಮ್ಮಬಲ್ಲುದು. ವರ್ಷಕ್ಕೆ ಒಂದೆರಡು ಸೂರ್ಯರಷ್ಟು ಅನಿಲ ಬಿದ್ದರೆ, ಎರಡೂವರೆ ಲಕ್ಷ ಕೋಟಿ ಸೂರ್ಯರಿಗೆ ಸಮನಾದ ಬೆಳಕು ಹೊರಡುತ್ತದೆ.

ಇದು ಬರಿಯ ಕಲ್ಪನೆಯಾಗಿ ಉಳಿಯಲಿಲ್ಲ. ನಮ್ಮ ಆಕಾಶಗಂಗೆಯ ನಡುವೆ ನಕ್ಷತ್ರಗಳು ಕಾಣದ ಕಾಯವೊಂದನ್ನು ಸುತ್ತುವುದನ್ನು ವರ್ಷಗಟ್ಟಲೆ ಅಳೆದು, ಅದು ಸುಮಾರು 40 ಲಕ್ಷ ಸೂರ್ಯರಷ್ಟು ತೂಗುವುದೆಂದು ತೋರಿಸಿದ ರೈನ್‌ಹಾರ್ಡ್ ಗೆಂಜೆಲ್ ಮತ್ತು ಆಂಡ್ರಿಯಾ ಗೆಜ್ 2020ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಎಂ 87 ಎಂಬ ಗೆಲಾಕ್ಸಿಯ ಕೇಂದ್ರದಲ್ಲಿರುವ, 650 ಕೋಟಿ ಸೂರ್ಯರಷ್ಟು ಭಾರದ ಕೃಷ್ಣವಿವರದ ನೆರಳಿನ ಚಿತ್ರ 2019ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು.

ಅಡಕೆ ಮತ್ತು ನಾಡು

ಇಂಥ ದೈತ್ಯ ಕೃಷ್ಣವಿವರವೂ ಗೆಲಾಕ್ಸಿಯ ಎದುರಿಗೆ ಅತ್ಯಲ್ಪವಾದುದು. ಲಕ್ಷ ಜ್ಯೋತಿರ್ವರ್ಷ ಅಗಲದ ಗೆಲಾಕ್ಸಿಯನ್ನು 750 ಕಿಲೋಮೀಟರು ಉದ್ದದ ನಾಡೆಂದು ಭಾವಿಸಿದರೆ, ಎಂ 87ರ ಕೃಷ್ಣವಿವರ ಅದರಲ್ಲಿ ಒಂದು ಅಡಕೆಯಷ್ಟಾದೀತು. ಆ ಅಡಕೆಯ ಗುರುತ್ವವು ನೇರವಾಗಿ ಆಳುವುದು ತನ್ನ ಅತಿ ಸಮೀಪದ ನಕ್ಷತ್ರಗಳನ್ನು ಮಾತ್ರ. ದೂರದ ನಕ್ಷತ್ರಗಳಿಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಆದುದರಿಂದ 1998ರಲ್ಲಿ ಜಾನ್ ಮಗೋರಿಯನ್ ಮತ್ತು ಸಂಗಡಿಗರು ಪ್ರಕಟಿಸಿದ ಫಲಿತಾಂಶ ಎಲ್ಲರ ಕುತೂಹಲವನ್ನು ಕೆರಳಿಸಿತು. ಗೆಲಾಕ್ಸಿಯ ನಡುವಿನ ನಕ್ಷತ್ರಗಳ ಉಬ್ಬು ಹೆಚ್ಚು ಭಾರವಾಗಿದ್ದಷ್ಟೂ ಅದರ ಕೃಷ್ಣವಿವರವೂ ಹೆಚ್ಚು ಭಾರವಾಗಿದ್ದಿತು. ಈಗಿನ ಅಳತೆಗಳಂತೆ ಕೃಷ್ಣವಿವರವು ಉಬ್ಬಿನ ಸಾವಿರದಲ್ಲಿ ಒಂದರಿಂದ ಐದು ಪಾಲಿನಷ್ಟು ತೂಗುತ್ತದೆ. 2000ದಲ್ಲಿ ಎರಡು ತಂಡಗಳು ಇನ್ನೂ ಬಿಗಿಯಾದ ಸಂಬಂಧವನ್ನು ಕಂಡುಕೊಂಡವು: ಉಬ್ಬಿನ ನಕ್ಷತ್ರಗಳ ವೇಗವನ್ನು ಅಳೆದರೆ ಕೃಷ್ಣವಿವರದ ತೂಕವನ್ನು ಹೇಳಿಬಿಡಬಹುದು. ಒಂದರ ಇರವನ್ನೇ ಅರಿಯದಷ್ಟು ದೂರದಲ್ಲಿರುವ ನಕ್ಷತ್ರಗಳಿಗೂ ಅದಕ್ಕೂ ಇಷ್ಟು ನಿಕಟವಾದ ನಂಟು ಹೇಗೆ ಬಂದಿತು?

ಇಲ್ಲಿ ಒಂದು ಕೈಲೆಕ್ಕ ನಮಗೆ ನೆರವಾಗುತ್ತದೆ. ಕೃಷ್ಣವಿವರವು ಬೆಳೆಯುವಾಗ ತನ್ನ ದ್ರವ್ಯಕ್ಕೆ ಸಮನಾದ ಶಕ್ತಿಯ ಹತ್ತರಲ್ಲಿ ಒಂದು ಪಾಲನ್ನು ಹೊರಸೂಸುತ್ತದೆಂದು ಇಟ್ಟುಕೊಳ್ಳೋಣ. ಉಬ್ಬು ಅದರ 500 ಪಟ್ಟು ಭಾರವಾಗಿರಲಿ. ನಕ್ಷತ್ರಗಳ ವೇಗ ಸೆಕೆಂಡಿಗೆ 200 ಕಿಲೋಮೀಟರು, ಎಂದರೆ ಬೆಳಕಿನ ವೇಗದ 1,500ರಲ್ಲಿ ಒಂದು ಪಾಲು ಇರಲಿ. ಉಬ್ಬನ್ನು ಒಟ್ಟಾಗಿ ಹಿಡಿದಿರುವ ಶಕ್ತಿ ಸ್ಥೂಲವಾಗಿ ಅದರ ದ್ರವ್ಯವನ್ನು ಈ ವೇಗದ ವರ್ಗದಿಂದ ಗುಣಿಸಿದಷ್ಟು. 1,500ರ ವರ್ಗ 22,50,000. ಅದನ್ನು 500ರಿಂದ ಭಾಗಿಸಿದರೆ 4,500. ಎಂದರೆ ಇಡೀ ಉಬ್ಬಿನ ಬಂಧನಶಕ್ತಿ ಕೃಷ್ಣವಿವರದ ದ್ರವ್ಯಕ್ಕೆ ಸಮನಾದ ಶಕ್ತಿಯ 4,500ರಲ್ಲಿ ಒಂದು ಪಾಲು ಮಾತ್ರ. ಹೊರಸೂಸಿದ ಶಕ್ತಿ ಅದರ 450 ಪಟ್ಟು! ಅಡಕೆಯ ತೂಕ ಅಲ್ಪವಾದರೂ ಅದರ ಕಿಚ್ಚು ಅಲ್ಪವಲ್ಲ. ಆ ಶಕ್ತಿಯಲ್ಲಿ ನೂರರಲ್ಲಿ ಒಂದು ಪಾಲು ಸುತ್ತಲಿನ ಅನಿಲಕ್ಕೆ ತಗುಲಿದರೂ ಅದನ್ನು ಹೊರಕ್ಕೆ ಅಟ್ಟಲು ಸಾಕು. ಅನಿಲವಿಲ್ಲದೆ ಹೊಸ ನಕ್ಷತ್ರಗಳಿಲ್ಲ. ಅನಿಲವಿಲ್ಲದೆ ಕೃಷ್ಣವಿವರಕ್ಕೂ ಆಹಾರವಿಲ್ಲ. ಹೀಗೆ ಎರಡರ ಬೆಳವಣಿಗೆಯೂ ಒಟ್ಟಿಗೆ ನಿಲ್ಲುತ್ತದೆಂದು ಅನೇಕ ವಿಜ್ಞಾನಿಗಳ ವಾದ.

ಸಾಕ್ಷ್ಯ ಮತ್ತು ಸಂದೇಹ

ವಾದಕ್ಕೆ ಸಾಕ್ಷ್ಯ ಬೇಕಷ್ಟೆ. ಸೇಫರ್ಟರ ಆರು ಗೆಲಾಕ್ಸಿಗಳಲ್ಲಿ ಒಂದಾದ ಎನ್.ಜಿ.ಸಿ. 1275 ಪರ್ಸಿಯಸ್ ಗೆಲಾಕ್ಸಿ ಗುಚ್ಛದ ನಡುವೆ, ಸುಮಾರು 25 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿದೆ. ಆ ಗುಚ್ಛವನ್ನು ಕೋಟಿಗಟ್ಟಲೆ ಡಿಗ್ರಿ ಉಷ್ಣತೆಯ ಅನಿಲ ತುಂಬಿಕೊಂಡಿದೆ. ಎಕ್ಸ್ ಕಿರಣಗಳನ್ನು ಸೂಸುತ್ತ ಅದು ತಣ್ಣಗಾಗಿ, ಕೇಂದ್ರಕ್ಕೆ ಇಳಿದು, ಹೇರಳವಾಗಿ ನಕ್ಷತ್ರಗಳಾಗಬೇಕಾಗಿದ್ದಿತು. ಆದರೆ ಆ ಪ್ರಮಾಣದಲ್ಲಿ ಆಗುತ್ತಿಲ್ಲ. 2003ರಲ್ಲಿ ಚಂದ್ರ ಎಕ್ಸ್ ಕಿರಣ ವೀಕ್ಷಣಾಲಯದ ಚಿತ್ರಗಳಿಂದ ಕಾರಣ ಹೊಳೆಯಿತು. ಕೇಂದ್ರದಿಂದ ಚಿಮ್ಮುವ ಧಾರೆಗಳು ಅನಿಲದಲ್ಲಿ ದೊಡ್ಡ ಗುಳ್ಳೆಗಳನ್ನು ಊದಿದ್ದುವು. ಸುತ್ತಲೂ ಕೊಳದ ಅಲೆಗಳಂತೆ ಶಬ್ದದ ಅಲೆಗಳು ಹರಡಿದ್ದುವು. ಒಂದು ಅಲೆಯ ಹಿಂದೆ ಇನ್ನೊಂದು ಅಲೆ ಬರಲು ಸುಮಾರು ಒಂದು ಕೋಟಿ ವರ್ಷ ಬೇಕು. ಈ ಕಲಕಾಟವೇ ಅನಿಲವನ್ನು ತಣಿಯಗೊಡದೆ ಕಾಯ್ದಿರಿಸಿದೆಯೆಂದು ಭಾವಿಸಲಾಗಿದೆ.

ಆದರೂ ವಿಷಯ ಇತ್ಯರ್ಥವಾಯಿತೆಂದು ಹೇಳುವಂತಿಲ್ಲ. ಒಂದೇ ಕಣಜದಿಂದ ಉಣ್ಣುವ ಇಬ್ಬರು ಒಟ್ಟಿಗೆ ದಪ್ಪವಾದರೆ, ಒಬ್ಬನು ಇನ್ನೊಬ್ಬನನ್ನು ನಿಯಂತ್ರಿಸಿದನೆಂದು ಹೇಳಲಾದೀತೆ? ಗೆಲಾಕ್ಸಿಗಳು ಮತ್ತೆ ಮತ್ತೆ ಕೂಡಿಕೊಂಡುದರಿಂದಲೇ ಈ ಅನುಪಾತವು ಸರಾಸರಿಯಾಗಿ ಒದಗಿತೆಂದೂ ವಾದಿಸುವವರಿದ್ದಾರೆ. ಕೇಂದ್ರದ ಧಾರೆ ತಗುಲಿ ಅನಿಲವು ಒತ್ತಲ್ಪಟ್ಟು, ಹೊಸ ನಕ್ಷತ್ರಗಳು ಹುಟ್ಟಿರುವ ಉದಾಹರಣೆಗಳೂ ಉಂಟು. ಅಲ್ಲದೆ ಕೇಂದ್ರದ ಉರಿ ನಿರಂತರವಾದುದಲ್ಲ. 2007ರಲ್ಲಿ ಹ್ಯಾನಿ ವಾನ್ ಆರ್ಕೆಲ್ ಎಂಬ ಡಚ್ ಶಾಲಾ ಉಪಾಧ್ಯಾಯಿನಿಯು, ಸಾರ್ವಜನಿಕರು ಗೆಲಾಕ್ಸಿಗಳನ್ನು ವಿಂಗಡಿಸುವ ಯೋಜನೆಯೊಂದರಲ್ಲಿ ಪಾಲುಗೊಂಡಿದ್ದಾಗ, ಐಸಿ 2497 ಎಂಬ ಗೆಲಾಕ್ಸಿಯ ಪಕ್ಕದಲ್ಲಿ ವಿಚಿತ್ರವಾಗಿ ಹೊಳೆಯುವ ಅನಿಲದ ಮೋಡವನ್ನು ಕಂಡರು. ಅದನ್ನು ಬೆಳಗಿದ ಕ್ವೇಸಾರ್ ಈಗಾಗಲೇ ಕುಗ್ಗಿಹೋಗಿದೆ. ಮೋಡದಲ್ಲಿ ನಮಗೆ ಕಾಣುವುದು ಅದರ ಹಳೆಯ ಬೆಳಕಿನ ಪ್ರತಿಧ್ವನಿ. ನಮ್ಮ ಆಕಾಶಗಂಗೆಯ ಕೇಂದ್ರವೂ ಇಂದು ಬಹು ಶಾಂತವಾಗಿದೆ. ಆದರೆ ಅದರ ಮೇಲೂ ಕೆಳಗೂ ತಲಾ 25,000 ಜ್ಯೋತಿರ್ವರ್ಷಗಳಷ್ಟು ಚಾಚಿರುವ ಗಾಮಾ ಕಿರಣಗಳ ಗುಳ್ಳೆಗಳು 2010ರಲ್ಲಿ ಪತ್ತೆಯಾದುವು. ಅವು ಕೇಂದ್ರದ ಹಿಂದಿನ ಆರ್ಭಟದ ಗುರುತಾಗಿರಬಹುದು.

ಇತ್ತೀಚಿನ ಸಮಸ್ಯೆ ಇನ್ನೂ ಕುತೂಹಲಕರ. ಜೇಮ್ಸ್ ವೆಬ್ ದೂರದರ್ಶಕ ಮತ್ತು ಚಂದ್ರ ವೀಕ್ಷಣಾಲಯಗಳ ನೆರವಿನಿಂದ 2023ರಲ್ಲಿ ವರದಿಯಾದ ಯು.ಎಚ್.ಜೆಡ್. 1 ಎಂಬ ಗೆಲಾಕ್ಸಿಯ ಬೆಳಕು ನಮ್ಮತ್ತ ಹೊರಟುದು ಸುಮಾರು 1,320 ಕೋಟಿ ವರ್ಷಗಳ ಹಿಂದೆ, ವಿಶ್ವವಿನ್ನೂ ಶಿಶುವಾಗಿದ್ದಾಗ. ಅದರ ಕೃಷ್ಣವಿವರವು ಆ ಗೆಲಾಕ್ಸಿಯ ಎಲ್ಲ ನಕ್ಷತ್ರಗಳಿಗೂ ಹೆಚ್ಚುಕಡಮೆ ಸರಿಸಮನಾಗಿ ತೂಗುವುದೆಂದು ಸಂಶೋಧಕರ ಅಂದಾಜು. ಸಾವಿರದಲ್ಲಿ ಕೆಲವು ಪಾಲೆಂಬ ನಿಯಮ ಅಲ್ಲಿ ಸಲ್ಲುವುದಿಲ್ಲ. ಹಾಗಾದರೆ ಕೃಷ್ಣವಿವರವೇ ಮೊದಲು ಬೆಳೆದು, ಗೆಲಾಕ್ಸಿ ಅದರ ಸುತ್ತ ನಿಧಾನವಾಗಿ ಮೈದುಂಬಿಕೊಂಡಿತೆ?

ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಪ್ರಶ್ನೆಯನ್ನು ನಮ್ಮ ತರ್ಕಶಾಸ್ತ್ರಜ್ಞರು ಕೊನೆಗಾಣದ ವಿವಾದಕ್ಕೆ ನಿದರ್ಶನವಾಗಿ ಹೇಳುತ್ತಿದ್ದರು. ಖಗೋಳವಿಜ್ಞಾನದಲ್ಲಿ ಮಾತ್ರ ಅದಕ್ಕೆ ಕೊನೆಗಾಣುವ ದಾರಿಯೊಂದುಂಟು. ದೂರವನ್ನು ನೋಡುವುದೆಂದರೆ ಹಿಂದಿನ ಕಾಲವನ್ನು ನೋಡುವುದು. ಆದುದರಿಂದ ಬೀಜವೂ ವೃಕ್ಷವೂ ಎಳೆಯವಾಗಿದ್ದ ಕಾಲಕ್ಕೇ ದೃಷ್ಟಿ ಹಾಯಿಸಿ, ಎರಡನ್ನೂ ತೂಗಿ ನೋಡಬಹುದು. ಆ ಕೆಲಸಕ್ಕೆ ಬೇಕಾದ ಮೂಲಪಾಠಗಳು ರೋಹಿತದ ಗೆರೆಗಳು, ಗುರುತ್ವದ ನಿಯಮ ಮತ್ತು ವರ್ಗದ ಲೆಕ್ಕ. ನಮ್ಮ ತರುಣ ವಾಚಕರು ಅವನ್ನು ಶಾಲೆ ಕಾಲೇಜುಗಳಲ್ಲಿ ಈಗಾಗಲೇ ಕಲಿಯುತ್ತಿದ್ದಾರೆ.