ಎರಿ ರೇಷ್ಮೆಯೂ ಅಹಿಂಸೆಯ ಬಿರುದೂ

ಎರಿ ರೇಷ್ಮೆಗೆ ‘ಅಹಿಂಸಾ ರೇಷ್ಮೆ’ಯೆಂಬ ಬಿರುದನ್ನು ಕಟ್ಟಿ ಪಟ್ಟಣದ ಅಂಗಡಿಗಳಲ್ಲಿ ಮಾರುವುದು ಈಚೆಗೆ ವಾಡಿಕೆಯಾಗಿದೆ. ರಾಮನಗರ, ಶಿಡ್ಲಘಟ್ಟಗಳಲ್ಲಿ ಗೂಡಿನೊಳಗಿನ ಹುಳುವನ್ನು ಕೊಂದು ನೂಲು ಬಿಚ್ಚುವುದನ್ನು ಕಂಡಿರುವ ನಮ್ಮ ವಾಚಕರಿಗೆ ಈ ಬಿರುದು ಹಿತವಾಗಿ ಕೇಳಿಸುವುದು ಸಹಜವೇ ಸರಿ. ಎರಿಯ ಗೂಡಿಗೆ ಒಂದು ತುದಿಯಲ್ಲಿ ಬಾಯುಂಟು. ಪತಂಗವು ಅಲ್ಲಿಂದ ಹೊರಬೀಳಬಲ್ಲುದು. ಎಳೆಯು ಅಖಂಡವಲ್ಲವಾದುದರಿಂದ ಅದನ್ನು ಹತ್ತಿಯಂತೆ ನೂಲುವರು. ಇಷ್ಟು ನಿಜ. ಆದರೆ ಈ ಹುಳುವಿನ ತವರಾದ ಅಸ್ಸಾಮಿನಲ್ಲಿ ವಿಚಾರಿಸಿದರೆ ಕಥೆಯೇ ಬೇರೆ. ಅಲ್ಲಿ ಎರಿಯು ಉಡುವ ಪದಾರ್ಥವಾಗಿರುವಂತೆ ಉಣ್ಣುವ ಪದಾರ್ಥವೂ ಆಗಿದೆ.

‘ಎರಿ’ಯೆಂಬ ಹೆಸರು ಸಂಸ್ಕೃತದ ಏರಂಡದಿಂದ ಬಂದುದು. ಹರಳೆಲೆಯೇ ಇದರ ಮುಖ್ಯ ಮೇವು. ಹುಳುವು ನಮ್ಮ ರೈತರು ‘ಜ್ವರ’ವೆನ್ನುವ ಪೊರೆ ಕಳಚುವಿಕೆಯನ್ನು 4 ಸಲ ದಾಟಿ, 5ನೆಯ ಹಂತದಲ್ಲಿ ಹಗಲಿರುಳೆನ್ನದೆ ಮೇಯುವುದು. ಇದಕ್ಕೆ ಕಾರಣವುಂಟು. ಮುಂದೆ ಹುಟ್ಟುವ ಪತಂಗಕ್ಕೆ ತಿನ್ನಬಲ್ಲ ಬಾಯಿಯೇ ಇಲ್ಲ. ಅದರ ಕೆಲವೇ ದಿನಗಳ ಬಾಳುವೆಗೂ ಮೊಟ್ಟೆಗಳಿಗೂ ಬೇಕಾದ ಕೊಬ್ಬು, ಸಸಾರಜನಕಗಳೆಲ್ಲವನ್ನೂ ಹುಳುವೇ ಕೂಡಿಡಬೇಕು. ಆ ಬುತ್ತಿಯೇ ಮನುಷ್ಯನ ತಟ್ಟೆಗೆ ಬರುವುದು.

ಬೋಡೋ, ರಾಭಾ, ಕಾರ್ಬಿ ಮೊದಲಾದ ಜನರು ಗೂಡಿನೊಳಗಿನ ಹುಳುವನ್ನು ತೆಗೆದು ಹುರಿದೋ, ಕಳಲೆಯೊಡನೆ ಬೇಯಿಸಿಯೋ ತಿನ್ನುವರು. ಮಿಕ್ಕುದನ್ನು ಸಂತೆಯಲ್ಲಿ ಮಾರುವರು. ಹಸಿ ಗೂಡಿನ ತೂಕದಲ್ಲಿ ನೂರಕ್ಕೆ ಸುಮಾರು 85 ಪಾಲು ಹುಳುವಿನದು. ರೇಷ್ಮೆಯದು ಉಳಿದ ಚೂರು. ನಮ್ಮಲ್ಲಾದರೋ ನೂಲು ಬಿಚ್ಚಿದ ಬಳಿಕ ಉಳಿಯುವ ಹುಳು ಕೋಳಿ ಮೀನುಗಳ ಮೇವಾಗುವುದು. ಅದರ ನಾತವನ್ನು ಬಲ್ಲವರು ಅಸ್ಸಾಮಿನವರ ರುಚಿಯನ್ನು ನಂಬಲಾರರು. ಅವರು ತಿನ್ನುವುದು ಅದೇ ಆಗ ತೆಗೆದ ತಾಜಾ ಹುಳುವೆಂಬುದನ್ನು ಮರೆಯಬಾರದು.

ಹುಳುಗಳನ್ನೆಲ್ಲ ಹಾರಬಿಡಿರೆಂದು ಪಟ್ಟಣದ ಕೊಳ್ಳುಗನು ಹಟ ಹಿಡಿದರೆ ಬಡ ಸಾಕಣೆಗಾರಳ ಊಟವೂ ಸಂತೆಯ ಕಾಸೂ ಹೋಗುವುವು. ಹುಳುವಿಗಾದರೂ ಲಾಭವೇನು? ಒಂದೊಂದು ಹೆಣ್ಣು ಪತಂಗವು 300ಕ್ಕೂ ಮಿಕ್ಕ ಮೊಟ್ಟೆಗಳನ್ನು ಇಡಬಲ್ಲುದು. ಅಷ್ಟು ಮರಿಗಳಿಗೆ ಹರಳೆಲೆಯನ್ನು ಯಾರು ಒದಗಿಸುವರು? ತಲೆತಲಾಂತರದಿಂದ ಮನೆಯೊಳಗೇ ಬೆಳೆದ ಈ ಹುಳುವು ಆಳಿನ ಕೈಯಿಂದಲ್ಲದೆ ಮೇಯಲಾರದು. ಮರಿಗಳು ಹಸಿವಿನಿಂದಲೇ ಸಾಯುವುವು. ಆದುದರಿಂದ ಬೀಜಕ್ಕೆ ಬೇಕಾದಷ್ಟು ಗೂಡನ್ನು ಉಳಿಸಿ ಮಿಕ್ಕುದನ್ನು ತಿನ್ನುವ ಅಸ್ಸಾಮಿನ ಗೃಹಿಣಿಯಲ್ಲಿ ನಾವು ತಪ್ಪು ಕಾಣೆವು. ಪತಂಗವು ತಾನಾಗಿ ಹೊರಬಂದ ಗೂಡಿನ ಬಟ್ಟೆಯನ್ನು ಹಾಗೆಂದು ಧಾರಾಳವಾಗಿ ಮಾರಲಿ. ಉಳಿದುದಕ್ಕೆ ವರ್ತಕರು ಬರಿಯ ‘ಎರಿ’ಯೆಂಬ ಚೀಟಿಯನ್ನು ಅಂಟಿಸಲಿ.