ತರಗತಿಗೂ ತಳಪಾಯಕ್ಕೂ ನಡುವೆ ಒಂದು ವರ್ಷ

ಮನೆ ಕಟ್ಟಿಸಿದವರಿಗೆಲ್ಲ ಗೊತ್ತಿರುವ ಸಂಗತಿ ಇದು. ತಾರಸಿಗೆ ಕಾಂಕ್ರೀಟ್ ಹಾಕುವ ದಿನ ಬೆಳಿಗ್ಗೆಯೇ ಎಂಜಿನಿಯರ್ ನಕ್ಷೆ ಹಿಡಿದು ಬಂದಿರುತ್ತಾರೆ. ಕಂಬಿ ಎಷ್ಟು ದಪ್ಪ ಇರಬೇಕು, ಎಷ್ಟು ಅಂತರದಲ್ಲಿ ಕಟ್ಟಬೇಕು ಎಂಬುದೆಲ್ಲ ಆ ನಕ್ಷೆಯಲ್ಲಿದೆ. ಆದರೆ ಸೆಂಟ್ರಿಂಗಿಗೆ ಕೊಟ್ಟ ಆಸರೆ ಸಡಿಲವಾಗಿದೆಯೇ, ಕಲಸಿದ ಕಾಂಕ್ರೀಟಿಗೆ ನೀರು ಹೆಚ್ಚಾಯಿತೇ ಎಂಬುದನ್ನು ಪಕ್ಕದಲ್ಲಿ ನಿಂತ ಮೇಸ್ತ್ರಿ ಕಣ್ಣಳತೆಯಲ್ಲೇ ಹೇಳುತ್ತಾನೆ. ಒಬ್ಬರದು ಓದಿ ಬಂದ ವಿದ್ಯೆ, ಇನ್ನೊಬ್ಬರದು ಮಾಡಿ ಬಂದ ವಿದ್ಯೆ. ಕಟ್ಟಡ ನಿಲ್ಲಬೇಕಾದರೆ ಎರಡೂ ಬೇಕು.

ಈ ಎರಡನ್ನೂ ಒಬ್ಬನೇ ವಿದ್ಯಾರ್ಥಿಗೆ ಕಲಿಸುವುದು ಹೇಗೆ? ಸಿವಿಲ್ ಎಂಜಿನಿಯರಿಂಗ್ ಎಂಬ ವೃತ್ತಿ ಹುಟ್ಟಿದಾಗಿನಿಂದಲೂ ಈ ಪ್ರಶ್ನೆ ಕಾಡುತ್ತಲೇ ಇದೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಇದಕ್ಕೆ ಕಂಡುಕೊಂಡ ಒಂದು ಉತ್ತರಕ್ಕೆ ತಿಂಡಿಯ ಹೆಸರಿದೆ. ಅದೇ ‘ಸ್ಯಾಂಡ್‌ವಿಚ್ ಕೋರ್ಸ್’. ಎರಡು ಬ್ರೆಡ್ ಹೋಳುಗಳ ನಡುವೆ ಪಲ್ಯ ಇಟ್ಟಂತೆ, ಎರಡು ಓದಿನ ಅವಧಿಗಳ ನಡುವೆ ಒಂದು ದುಡಿಮೆಯ ವರ್ಷ. ಬಹುತೇಕ ಕಡೆ ಇದು ಕಡ್ಡಾಯವಲ್ಲ; ವಿದ್ಯಾರ್ಥಿಯ ಆಯ್ಕೆಗೆ ಬಿಟ್ಟದ್ದು.

‘ಸಿವಿಲ್’ ಎಂದರೇನು?

ಕೋಟೆ, ಕಂದಕ, ಸೇನಾ ಮಾರ್ಗಗಳನ್ನು ಕಟ್ಟುವವರನ್ನು ಮಾತ್ರ ಎಂಜಿನಿಯರ್ ಎನ್ನುತ್ತಿದ್ದ ಕಾಲವೊಂದಿತ್ತು. ಅವರು ಸೈನ್ಯಕ್ಕೆ ಸೇರಿದವರು. ನಾಗರಿಕರ ಉಪಯೋಗಕ್ಕಾಗಿ ಸೇತುವೆ, ಕಾಲುವೆ, ಬಂದರು ಕಟ್ಟುವವರು ತಾವು ಬೇರೆ ಎಂದು ತೋರಿಸಲು ‘ಸಿವಿಲ್’ ಎಂಬ ವಿಶೇಷಣ ಸೇರಿಸಿಕೊಂಡರು. ಇಂಗ್ಲೆಂಡಿನಲ್ಲಿ ತನ್ನನ್ನು ಹೀಗೆ ಕರೆದುಕೊಂಡವರಲ್ಲಿ ಜಾನ್ ಸ್ಮೀಟನ್ ಮೊದಲಿಗನೆನ್ನುತ್ತಾರೆ. ಸಮುದ್ರದ ನಡುವಿನ ಎಡ್ಡಿಸ್ಟೋನ್ ಬಂಡೆಯ ಮೇಲೆ 1759ರಲ್ಲಿ ಪೂರ್ಣಗೊಂಡ ದೀಪಸ್ತಂಭ ಅವನ ಕೃತಿ.

ಈ ವಿದ್ಯೆಯನ್ನು ಕಲಿಸುವುದರಲ್ಲಿ ಫ್ರಾನ್ಸ್ ಮತ್ತು ಇಂಗ್ಲೆಂಡ್ ಬೇರೆ ಬೇರೆ ದಾರಿ ಹಿಡಿದವು. ಫ್ರಾನ್ಸಿನಲ್ಲಿ 1747ರಲ್ಲೇ ಸೇತುವೆ ಮತ್ತು ರಸ್ತೆಗಳ ಶಾಲೆಯೊಂದು ಪ್ಯಾರಿಸ್ಸಿನಲ್ಲಿ ಆರಂಭವಾಯಿತು. ಅಲ್ಲಿ ಗಣಿತಕ್ಕೆ ಮೊದಲ ಸ್ಥಾನ. ಆದರೂ ವಿದ್ಯಾರ್ಥಿಗಳನ್ನು ಬೇಸಿಗೆಯ ತಿಂಗಳುಗಳಲ್ಲಿ ಪ್ರಾಂತ್ಯಗಳ ಕಾಮಗಾರಿಗಳಿಗೆ ಕಳಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ಅಂಥ ಶಾಲೆ ಇರಲಿಲ್ಲ. ಹೆಸರಾಂತ ಎಂಜಿನಿಯರೊಬ್ಬನ ಬಳಿ ತಂದೆ ತನ್ನ ಮಗನನ್ನು ಹಣ ಕಟ್ಟಿ ಶಿಷ್ಯನಾಗಿ ಬಿಡುತ್ತಿದ್ದ. ಶಿಷ್ಯ ನಕ್ಷೆ ನಕಲು ಮಾಡುತ್ತ, ಸರಪಳಿ ಹಿಡಿದು ಅಳತೆ ಮಾಡುತ್ತ, ಗುರುವಿನ ಹಿಂದೆ ಓಡಾಡುತ್ತ ಕಲಿಯುತ್ತಿದ್ದ. ಲಂಡನ್ನಿನಲ್ಲಿ 1818ರಲ್ಲಿ ಸ್ಥಾಪನೆಯಾದ ಸಿವಿಲ್ ಎಂಜಿನಿಯರುಗಳ ಸಂಸ್ಥೆಗೆ 1820ರಲ್ಲಿ ಮೊದಲ ಅಧ್ಯಕ್ಷನಾದ ಥಾಮಸ್ ಟೆಲ್ಫರ್ಡ್ ಕುರಿಗಾಹಿಯ ಮಗ; ಕಲ್ಲುಕುಟಿಗನ ಬಳಿ ಕೆಲಸ ಕಲಿತು ಮೇಲೆ ಬಂದವನು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದೆಯೇ ಅವನು ಬ್ರಿಟನ್ನಿನ ರಸ್ತೆ, ಕಾಲುವೆ, ತೂಗುಸೇತುವೆಗಳನ್ನು ಕಟ್ಟಿದ.

ಆದರೆ ರೈಲು ಬಂತು, ಕಬ್ಬಿಣ ಬಂತು, ಸೇತುವೆಗಳು ಉದ್ದವಾದವು. ಬರಿಯ ಅನುಭವದ ಬಲದಿಂದ ಇವನ್ನು ಲೆಕ್ಕ ಹಾಕುವುದು ಸಾಧ್ಯವಾಗಲಿಲ್ಲ. 1840ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊ ವಿಶ್ವವಿದ್ಯಾಲಯ ಸಿವಿಲ್ ಎಂಜಿನಿಯರಿಂಗ್‌ಗೆಂದೇ ಪ್ರಾಧ್ಯಾಪಕ ಪೀಠ ಸ್ಥಾಪಿಸಿತು. ಅಲ್ಲಿಂದ ಮುಂದೆ ಓದಿ ಬಂದವರಿಗೂ ಮಾಡಿ ಬಂದವರಿಗೂ ನಡುವೆ ತಿಕ್ಕಾಟ ಆರಂಭವಾಯಿತು. ಕಾಲೇಜು ಹುಡುಗರಿಗೆ ಕೈಕೆಲಸ ಬಾರದು ಎಂಬುದು ಒಂದು ಪಕ್ಷದ ವಾದ. ಲೆಕ್ಕ ಬಾರದವರ ಕೈಯಲ್ಲಿ ಸೇತುವೆ ಕೊಡಬಾರದು ಎಂಬುದು ಇನ್ನೊಂದು ಪಕ್ಷದ್ದು.

ಕ್ವಿಬೆಕ್ ಕಲಿಸಿದ ಪಾಠ

ಈ ವಾದದಲ್ಲಿ ಪಣಕ್ಕಿರುವುದು ಕೇವಲ ಅಂಕಪಟ್ಟಿ ಅಲ್ಲ ಎಂಬುದು ಕೆನಡಾದ ಕ್ವಿಬೆಕ್ ನಗರದ ಬಳಿ 1907ರಲ್ಲಿ ಸ್ಪಷ್ಟವಾಯಿತು. ಸೇಂಟ್ ಲಾರೆನ್ಸ್ ನದಿಗೆ ಅಡ್ಡಲಾಗಿ ಕಟ್ಟುತ್ತಿದ್ದ ಉಕ್ಕಿನ ಸೇತುವೆಯ ನಡುವಣ ಅಂತರ 1,800 ಅಡಿ. ಮೊದಲ ಯೋಜನೆಯಲ್ಲಿ ಅದು 1,600 ಅಡಿ ಇತ್ತು. ಅಂತರ ಹೆಚ್ಚಿಸಿದ ಮೇಲೆ ಸೇತುವೆಯ ಸ್ವಂತ ತೂಕವನ್ನು ಹೊಸದಾಗಿ ಲೆಕ್ಕ ಹಾಕದೆ ಕೆಲಸ ಮುಂದುವರಿಸಿದ್ದರು. ಸಲಹೆಗಾರ ಎಂಜಿನಿಯರ್ ಥಿಯೋಡೋರ್ ಕೂಪರ್ ಆ ಕಾಲದ ದೊಡ್ಡ ಹೆಸರು. ಆದರೆ ಅವರ ವಾಸ ನ್ಯೂಯಾರ್ಕಿನಲ್ಲಿ. ಉಕ್ಕಿನ ಚೌಕಟ್ಟು ಮೇಲೇಳುತ್ತಿದ್ದ ಅವಧಿಯಲ್ಲಿ ಅವರು ಸ್ಥಳಕ್ಕೆ ಬರಲೇ ಇಲ್ಲ.

ಸ್ಥಳದಲ್ಲಿ ಅವರ ಪ್ರತಿನಿಧಿಯಾಗಿದ್ದವರು ನಾರ್ಮನ್ ಮೆಕ್ಲೂರ್ ಎಂಬ ತರುಣ ಪದವೀಧರ. ಕೆಳಭಾಗದ ಭಾರ ಹೊರುವ ಉಕ್ಕಿನ ತೊಲೆಯೊಂದು ಬಾಗಿರುವುದನ್ನು ಅವರು ಗಮನಿಸಿದ್ದರು. ಮುಕ್ಕಾಲು ಇಂಚು ಇದ್ದ ಬಾಗು ಎರಡೂಕಾಲು ಇಂಚಿಗೆ ಏರಿದಾಗ ಅವರಿಗೆ ಗಾಬರಿಯಾಯಿತು. ತೊಲೆ ಮೊದಲೇ ಹಾಗಿತ್ತು ಎಂದು ವಾದಿಸಿದವರೂ ಸ್ಥಳದಲ್ಲಿದ್ದರು. ಕೆಲಸ ನಿಲ್ಲಿಸುವ ಅಧಿಕಾರವುಳ್ಳ, ಅಪಾಯವನ್ನು ಅರಿತ ಒಬ್ಬ ಅನುಭವಿ ಅಲ್ಲಿರಲಿಲ್ಲ. ಮೆಕ್ಲೂರ್ ರೈಲು ಹತ್ತಿ ನ್ಯೂಯಾರ್ಕಿಗೆ ಹೋಗಿ ಕೂಪರ್ ಅವರನ್ನು ಕಂಡರು. ಸೇತುವೆಯ ಮೇಲೆ ಇನ್ನು ಭಾರ ಹೇರಬೇಡಿ ಎಂದು ಕೂಪರ್ ತಂತಿ ಕಳಿಸಿದ್ದು ಉಕ್ಕಿನ ಕಂಪನಿಯ ಕಚೇರಿಗೆ, ಕ್ವಿಬೆಕ್ಕಿಗೆ ಅಲ್ಲ. ಅದೇ ದಿನ, ಆಗಸ್ಟ್ 29ರ ಸಂಜೆ, ಕೆಲಸ ಮುಗಿಯುವ ಹೊತ್ತಿಗೆ ಸೇತುವೆ ಕುಸಿಯಿತು. ಮೇಲಿದ್ದ 86 ಕೆಲಸಗಾರರಲ್ಲಿ 75 ಮಂದಿ ಸತ್ತರು.

ಇಲ್ಲಿ ಲೆಕ್ಕವೂ ತಪ್ಪಿತ್ತು, ಸ್ಥಳದ ತಿಳಿವಳಿಕೆಯೂ ಸಾಲದಾಗಿತ್ತು. ಕೋಣೆಯಲ್ಲಿ ಕುಳಿತವರಿಗೆ ಬಾಗಿದ ಉಕ್ಕು ಕಾಣಲಿಲ್ಲ. ಕಂಡವರಿಗೆ ಅದರ ಅರ್ಥ ಪೂರ್ತಿಯಾಗಿ ಹೊಳೆಯಲಿಲ್ಲ. ಕೆನಡಾದಲ್ಲಿ ಹೊಸ ಎಂಜಿನಿಯರುಗಳು ಪ್ರತಿಜ್ಞೆ ಸ್ವೀಕರಿಸಿ ಕಿರುಬೆರಳಿಗೆ ಉಂಗುರ ತೊಡುವ ಪದ್ಧತಿ 1925ರಲ್ಲಿ ಆರಂಭವಾಯಿತು. ಆ ಉಂಗುರ ಬಿದ್ದ ಸೇತುವೆಯ ಕಬ್ಬಿಣದಿಂದ ಮಾಡಿದ್ದೆಂಬ ಕಥೆ ನಿಜವಲ್ಲ. ಆದರೂ ಆ ಕಥೆ ಅಳಿಸಿಹೋಗದೆ ಉಳಿದಿರುವುದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ.

ನಡುವೆ ಸೇರಿದ ದುಡಿಮೆ

ಅದೇ ಕಾಲಕ್ಕೆ ಶಿಕ್ಷಣದಲ್ಲೂ ಪ್ರಯೋಗಗಳು ನಡೆದಿದ್ದವು. ಇಂಗ್ಲೆಂಡಿನ ಸಂಡರ್ಲೆಂಡ್ ತಾಂತ್ರಿಕ ಕಾಲೇಜು 1903ರಲ್ಲಿ ಸ್ಯಾಂಡ್‌ವಿಚ್ ಮಾದರಿಯ ಪಾಠಕ್ರಮ ಆರಂಭಿಸಿತು. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ 1906ರಲ್ಲಿ 27 ವಿದ್ಯಾರ್ಥಿಗಳೊಡನೆ ‘ಸಹಕಾರಿ ಶಿಕ್ಷಣ’ ಆರಂಭಿಸಿದರು. ಒಂದು ವಾರ ತರಗತಿ, ಮರುವಾರ ಕಾರ್ಖಾನೆ ಎಂಬುದು ಅವರ ಕ್ರಮ. ಎರಡನೆಯ ಮಹಾಯುದ್ಧದ ನಂತರ ತಂತ್ರಜ್ಞರ ಕೊರತೆ ಅನುಭವಿಸಿದ ಬ್ರಿಟನ್, 1956ರಲ್ಲಿ ಉನ್ನತ ತಾಂತ್ರಿಕ ಕಾಲೇಜುಗಳ ಯೋಜನೆ ಪ್ರಕಟಿಸಿತು. ಇವುಗಳ ಮುಖ್ಯ ಲಕ್ಷಣವೇ ಸ್ಯಾಂಡ್‌ವಿಚ್ ಪದ್ಧತಿ. 1960ರ ದಶಕದ ಮಧ್ಯದಲ್ಲಿ ಇವು ವಿಶ್ವವಿದ್ಯಾಲಯಗಳಾದವು. ಬಾತ್, ಲಫ್‌ಬರೊ, ಸರ್ರೆ, ಆಸ್ಟನ್ ವಿಶ್ವವಿದ್ಯಾಲಯಗಳಿಗೆ ಈ ವಿಷಯದಲ್ಲಿ ಇಂದಿಗೂ ಹೆಸರಿರುವುದು ಆ ಪರಂಪರೆಯಿಂದ.

ಈಗ ಇಂಗ್ಲೆಂಡಿನಲ್ಲಿ ಸಿವಿಲ್ ಎಂಜಿನಿಯರಿಂಗ್‌ನ ಬ್ಯಾಚುಲರ್ ಪದವಿಗೆ ಮೂರು ವರ್ಷ. ನೇರವಾಗಿ ಸ್ನಾತಕೋತ್ತರ ಮಟ್ಟಕ್ಕೆ ಒಯ್ಯುವ ಪದವಿಗೆ ನಾಲ್ಕು ವರ್ಷ. ದುಡಿಮೆಯ ವರ್ಷ ಆರಿಸಿಕೊಂಡರೆ ಎರಡಕ್ಕೂ ಒಂದು ವರ್ಷ ಸೇರುತ್ತದೆ. ಸಾಮಾನ್ಯವಾಗಿ ಎರಡನೆಯ ವರ್ಷದ ನಂತರ ವಿದ್ಯಾರ್ಥಿ ಒಂಬತ್ತರಿಂದ ಹನ್ನೆರಡು ತಿಂಗಳು ಗುತ್ತಿಗೆದಾರರ ಬಳಿಯೋ, ವಿನ್ಯಾಸ ಸಂಸ್ಥೆಯಲ್ಲೋ, ರೈಲ್ವೆ ಅಥವಾ ಹೆದ್ದಾರಿ ಯೋಜನೆಯಲ್ಲೋ ಸಂಬಳಕ್ಕೆ ದುಡಿಯುತ್ತಾನೆ. ಆ ವರ್ಷ ಇಂಗ್ಲೆಂಡಿನ ವಿಶ್ವವಿದ್ಯಾಲಯ ಅಲ್ಲಿನ ವಿದ್ಯಾರ್ಥಿಯಿಂದ ಪೂರ್ಣ ಶುಲ್ಕದ ಗರಿಷ್ಠ ಮಿತಿಯ ಶೇ 20ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಅಧ್ಯಾಪಕರೊಬ್ಬರು ಸಂಪರ್ಕದಲ್ಲಿರುತ್ತಾರೆ, ವಿದ್ಯಾರ್ಥಿ ಕೆಲಸದ ದಿನಚರಿ ಬರೆದಿಟ್ಟು ವರದಿ ಒಪ್ಪಿಸುತ್ತಾನೆ. ಮುಂದೆ ‘ಚಾರ್ಟರ್ಡ್ ಎಂಜಿನಿಯರ್’ ಎಂಬ ಮಾನ್ಯತೆಗೆ ಬೇಕಾದ ಅನುಭವದಲ್ಲಿ ಇದನ್ನೂ ತೋರಿಸಬಹುದು.

ಅಲ್ಲಿ ಕಲಿಯುವುದೇನು? ಪುಸ್ತಕದಲ್ಲಿ ಕಾಂಕ್ರೀಟಿನ ಬಲ ಎಂದರೆ ಒಂದು ಸಂಖ್ಯೆ. ಕೆಲಸದ ಜಾಗದಲ್ಲಿ ಅದು ಲಾರಿಯಲ್ಲಿ ಬರುವ, ತಡವಾದರೆ ಗಟ್ಟಿಯಾಗುವ ವಸ್ತು. ಶಂಕುವಿನಾಕಾರದ ಅಚ್ಚಿಗೆ ತುಂಬಿ, ಅಚ್ಚು ಎತ್ತಿದಾಗ ಅದು ಎಷ್ಟು ಕುಸಿಯುತ್ತದೆಂದು ನೋಡಬೇಕು. ಘನಾಕಾರದ ಮಾದರಿಗಳನ್ನು ಎರಕ ಹೊಯ್ದು 7 ಮತ್ತು 28 ದಿನಗಳ ನಂತರ ಒತ್ತಿ ಪರೀಕ್ಷಿಸಬೇಕು. ನಕ್ಷೆಯಲ್ಲಿ ಗೆರೆಯಂತೆ ಕಾಣುವ ಕಂಬಿಗೆ ನಿಜದಲ್ಲಿ ದಪ್ಪವಿದೆ. ಕಂಬವೂ ತೊಲೆಯೂ ಸೇರುವಲ್ಲಿ ಅವು ಒತ್ತೊತ್ತಾಗಿ, ನಡುವೆ ಜಲ್ಲಿ ಇಳಿಯಲು ಜಾಗವೇ ಉಳಿಯದಿರಬಹುದು. ಇದನ್ನು ಒಮ್ಮೆ ಕಣ್ಣಾರೆ ಕಂಡವನು ಮುಂದೆ ನಕ್ಷೆ ಬರೆಯುವ ರೀತಿಯೇ ಬೇರೆ. ಕೊನೆಯ ವರ್ಷದ ಪಾಠಕ್ಕೆ ಮರಳಿದಾಗ ಅವನ ಪ್ರಶ್ನೆಗಳೂ ಬದಲಾಗಿರುತ್ತವೆ.

ಆಯ್ಕೆಯ ಹಿಂದಿನ ಲೆಕ್ಕ

ಇಷ್ಟು ಉಪಯೋಗವಿದ್ದರೆ ಕಡ್ಡಾಯವನ್ನೇಕೆ ಮಾಡಬಾರದು? ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯ 1957ರಲ್ಲಿ ಆರಂಭವಾದಾಗಿನಿಂದ ತನ್ನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಅದನ್ನೇ ಮಾಡಿದೆ. ಅಲ್ಲಿ ಓದಿನ ಅವಧಿಯೂ ದುಡಿಮೆಯ ಅವಧಿಯೂ ಒಂದಾದ ಮೇಲೊಂದು ಬರುತ್ತವೆ. ಆದರೆ ಕಡ್ಡಾಯ ಮಾಡಿದರೆ ಅಷ್ಟೂ ಮಂದಿಗೆ ಸ್ಥಳ ಒದಗಿಸಬೇಕು. ಕಟ್ಟಡ ಉದ್ಯಮವೋ ಏರಿಳಿತಕ್ಕೆ ಹೆಸರಾದದ್ದು. ಮಂದಗತಿಯ ವರ್ಷಗಳಲ್ಲಿ ಕಂಪನಿಗಳು ಮೊದಲು ಕೈಬಿಡುವುದು ಕಲಿಯುವವರನ್ನು.

ವಿದ್ಯಾರ್ಥಿಗೂ ತನ್ನದೇ ಲೆಕ್ಕವಿದೆ. ಜೊತೆಗೆ ಸೇರಿದ ಗೆಳೆಯರು ಒಂದು ವರ್ಷ ಮೊದಲೇ ಪದವಿ ಪಡೆದು ಹೋಗುತ್ತಾರೆ. ಕೆಲಸ ಬೇರೆ ಊರಿನಲ್ಲಿದ್ದರೆ ಬಾಡಿಗೆ ಮನೆ ಹುಡುಕಬೇಕು. ಸ್ಥಳವನ್ನು ವಿಶ್ವವಿದ್ಯಾಲಯ ಕೈಗೆ ಕೊಡುವುದಿಲ್ಲ. ಅರ್ಜಿ ಹಾಕಿ, ಸಂದರ್ಶನ ಎದುರಿಸಿ ತಾನೇ ಗಳಿಸಬೇಕು. ಮನೆಯಲ್ಲಿ ಆ ವೃತ್ತಿಯ ಪರಿಚಯ ಇರುವವರಿಗೆ ಇದು ಸಲೀಸು. ಮೊದಲ ತಲೆಮಾರಿನ ವಿದ್ಯಾರ್ಥಿಗೆ ಕಷ್ಟ. ಯಾರಿಗೆ ಈ ವರ್ಷ ಹೆಚ್ಚು ಅಗತ್ಯವೋ ಅವರೇ ಹಿಂದೆ ಸರಿಯುವ ಸಂಭವ ಇಲ್ಲಿದೆ.

ನಮ್ಮಲ್ಲಿ

ಭಾರತದಲ್ಲಿ ಈ ವಿದ್ಯೆ ಸರ್ಕಾರದ ಅಗತ್ಯದಿಂದ ಬೆಳೆಯಿತು. ಮದರಾಸಿನಲ್ಲಿ 1794ರಲ್ಲಿ ಆರಂಭವಾದ ಸರ್ವೆ ಶಾಲೆ ಮುಂದೆ ಗಿಂಡಿ ಎಂಜಿನಿಯರಿಂಗ್ ಕಾಲೇಜಾಯಿತು. ರೂರ್ಕಿಯ ಕಾಲೇಜು 1847ರದ್ದು, ಪುಣೆಯದು 1854ರದ್ದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಓದಿದ ಎಂ. ವಿಶ್ವೇಶ್ವರಯ್ಯ ಅವರು ಎಂಜಿನಿಯರಿಂಗ್ ಕಲಿತದ್ದು ಪುಣೆಯಲ್ಲಿ; 1883ರಲ್ಲಿ ತೇರ್ಗಡೆಯಾಗಿ ಮರುವರ್ಷ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಮೊದಲು ಓದು, ಆಮೇಲೆ ಇಲಾಖೆಯಲ್ಲಿ ಹಿರಿಯರ ಕೈಕೆಳಗೆ ಪಳಗುವುದು ಎಂಬುದು ಆಗಿನ ಕ್ರಮ. ಅವರು ದಿವಾನರಾಗಿದ್ದಾಗ 1917ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜಿಗೆ ಇಂದು ಅವರದೇ ಹೆಸರಿದೆ.

ಇಲಾಖೆಯಲ್ಲಿ ಪಳಗುವ ಅವಕಾಶ ಇಂದು ಪದವಿ ಪಡೆದ ಎಲ್ಲರಿಗೂ ಇಲ್ಲ. ಆದ್ದರಿಂದಲೇ ಬೇರೆ ದಾರಿಗಳು ಬೇಕಾದವು. 1961ರ ಶಿಶಿಕ್ಷು ಕಾಯ್ದೆಗೆ 1973ರಲ್ಲಿ ತಿದ್ದುಪಡಿ ತಂದು ಎಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾ ಪಡೆದವರನ್ನೂ ಅದರ ವ್ಯಾಪ್ತಿಗೆ ಸೇರಿಸಲಾಯಿತು. ಆದರೆ ಈ ತರಬೇತಿ ಬರುವುದು ಓದು ಮುಗಿದ ಮೇಲೆ. ಓದಿನ ನಡುವೆಯೇ ದುಡಿಮೆ ಸೇರಿಸುವ ಐದು ವರ್ಷದ ಸ್ಯಾಂಡ್‌ವಿಚ್ ಪದವಿಯನ್ನು ಕೊಯಮತ್ತೂರಿನ ಪಿಎಸ್‌ಜಿ ಕಾಲೇಜು ಮೆಕ್ಯಾನಿಕಲ್ ವಿಭಾಗದಲ್ಲಿ ನಡೆಸಿದೆ. ಕರ್ನಾಟಕದಲ್ಲಿ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಈಚಿನ ಪಠ್ಯಕ್ರಮಗಳಲ್ಲಿ ಇಂಟರ್ನ್‌ಷಿಪ್ಪನ್ನು ಕಡ್ಡಾಯಗೊಳಿಸಿದೆ.

ಕಡ್ಡಾಯ ಮಾಡುವುದು ಸುಲಭ. ಅದು ನಿಜವಾಗಿ ನಡೆಯುವಂತೆ ನೋಡಿಕೊಳ್ಳುವುದು ಕಷ್ಟ. ಕೆಲಸದ ಜಾಗದಲ್ಲಿ ಕಲಿಸುವವರಿಗೆ ಪುರುಸೊತ್ತಿರಬೇಕು, ಕಾಲೇಜಿನವರು ಹೋಗಿ ನೋಡಿಬರಬೇಕು, ವಿದ್ಯಾರ್ಥಿಗೆ ಊಟ ವಸತಿಗಾಗುವಷ್ಟಾದರೂ ಭತ್ಯೆ ಸಿಗಬೇಕು. ಹೆಣ್ಣುಮಕ್ಕಳಿಗೆ ಅಲ್ಲಿ ಶೌಚಾಲಯದಂಥ ಮೂಲ ಸೌಕರ್ಯವಿರಬೇಕು. ಇವಿಲ್ಲದಿದ್ದರೆ ಉಳಿಯುವುದು ಮೊಹರು ಒತ್ತಿದ ಪ್ರಮಾಣಪತ್ರ ಮಾತ್ರ.

ಸ್ಯಾಂಡ್‌ವಿಚ್ ಪದ್ಧತಿಯನ್ನು ಇದ್ದಂತೆಯೇ ಇಲ್ಲಿಗೆ ತರಬೇಕೆಂದೇನಿಲ್ಲ. ಆದರೆ ಅದರ ಮುಖ್ಯ ಅಂಶವೊಂದು ಗಮನಿಸುವಂಥದ್ದು. ಅಲ್ಲಿ ದುಡಿಮೆ ಓದಿನ ತುದಿಯಲ್ಲಿಲ್ಲ, ನಡುವೆ ಇದೆ. ಕಂಡದ್ದನ್ನು ಮತ್ತೆ ತರಗತಿಗೆ ತಂದು, ಅದು ಹಾಗೇಕೆ ಎಂದು ಗುರುಗಳನ್ನು ಕೇಳಲು ಇನ್ನೂ ಒಂದು ವರ್ಷ ಉಳಿದಿರುತ್ತದೆ. ಬಾಗಿದ ತೊಲೆಯನ್ನು ಕಂಡಾಗ ಅದರ ಅರ್ಥ ತಿಳಿಯುವುದು, ತಿಳಿದದ್ದನ್ನು ಹೇಳಿ ಕೆಲಸ ನಿಲ್ಲಿಸುವ ಧೈರ್ಯ ಬರುವುದು ಇಂಥ ಕಲಿಕೆಯಿಂದ. ಸೇತುವೆಯ ಮೇಲೆ ನಿಶ್ಚಿಂತೆಯಿಂದ ಬಸ್ಸಿನಲ್ಲಿ ದಾಟುವ ಪ್ರಯಾಣಿಕರಿಗೆ ಈ ವರ್ಷದ ವಿಷಯ ಗೊತ್ತಿರುವುದಿಲ್ಲ. ಆದರೆ ಅವರ ನಿಶ್ಚಿಂತೆಗೆ ಅದರಲ್ಲಿ ಪಾಲಿದೆ.